ಉಸಿರಿಲ್ಲದಿದ್ದರೂ ಪಾಸು

ಬೆಂಗಳೂರಿನ ಕೆರೆಗಳಷ್ಟು ಪರೀಕ್ಷೆ ಎದುರಿಸಿದವರು ಈ ರಾಜ್ಯದಲ್ಲಿ ಇನ್ನೊಬ್ಬರಿರಲಾರರು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಾಟಲಿ ಹಿಡಿದು ಬರುತ್ತಾರೆ, ನೀರು ತುಂಬಿಕೊಂಡು ಹೋಗುತ್ತಾರೆ, ಎ ಇಂದ ಇ ವರೆಗೆ ಒಂದು ದರ್ಜೆ ಕೊಡುತ್ತಾರೆ. ನಮ್ಮ ಕೆರೆಗಳಿಗೆ ಬರುವುದು ಬಹುಪಾಲು ಡಿ, ಇಲ್ಲವೇ ಇ. ಎಲ್ಲಾದರೂ ಎ ಬಂದರೆ ಬಾಟಲಿ ಯಾವ ಊರಿನದೆಂದು ವಿಚಾರಿಸಬೇಕಾದೀತು.

ಡಿ ಎಂದರೆ ಮೀನು ಬದುಕಬಹುದು. ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಇ ಎಂದರೆ ವ್ಯವಸಾಯಕ್ಕೆ, ಕಾರ್ಖಾನೆಯ ಯಂತ್ರ ತಣಿಸುವುದಕ್ಕೆ ಆದೀತು. ಇದಕ್ಕೆ ಬೋರಾನ್ ಎಷ್ಟು, ಸೋಡಿಯಂ ಎಷ್ಟು ಎಂದು ಕೇಳುತ್ತಾರೆಯೇ ಹೊರತು ಆಮ್ಲಜನಕದ ಸುದ್ದಿಯೇ ಎತ್ತುವುದಿಲ್ಲ. ಉಸಿರೇ ಇಲ್ಲದ ಕೆರೆಯೂ ಆರಾಮಾಗಿ ಪಾಸಾಗಬಹುದು.

ಆಮ್ಲಜನಕ ಪತ್ತೆಹಚ್ಚುವ ವಿಧಾನ ಮಾತ್ರ ನೋಡಲು ಚೆಂದ. ದಡದಲ್ಲೇ ಬಾಟಲಿಗೆ ಎರಡು ದ್ರಾವಣ ಬಿಟ್ಟು, ಬಿರಡೆ ಹಾಕಿ, ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಆಮ್ಲಜನಕವಿದ್ದರೆ ಕಂದು ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಬಿಳಿ. ಬೆಳ್ಳಂದೂರು ಕೆರೆಯಲ್ಲಿ ಬಾಟಲಿಯ ಆಚೆಗೂ ಬಿಳಿಯೇ. ನಾವು ಬಟ್ಟೆ, ಪಾತ್ರೆ ತೊಳೆದ ನೀರು ರಾಜಕಾಲುವೆ ಹಿಡಿದು ಕೆರೆ ಸೇರಿ, ಕೋಡಿಯಲ್ಲಿ ಧುಮುಕಿ ನೊರೆಯಾಗುತ್ತದೆ. ಆ ನೀರಿನೊಳಗಿನ ರಂಜಕ ಉಂಡು ಅಂತರಗಂಗೆ ಕೊಬ್ಬುತ್ತದೆ. ಸತ್ತು ಕೊಳೆಯುವಾಗ ಅಳಿದುಳಿದ ಆಮ್ಲಜನಕವೂ ಖಾಲಿ. ಇದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಆದರೆ ಒಳಚರಂಡಿಯ ಪೈಪು ತಿರುಗಿಸುವುದಕ್ಕಿಂತ ಇನ್ನೊಂದು ಬಾಟಲಿ ತುಂಬುವುದು ಸುಲಭ, ನೋಡಿ.

2018ರ ಜನವರಿಯಲ್ಲಿ ಇದೇ ಬೆಳ್ಳಂದೂರು ಕೆರೆ ಹೊತ್ತಿ ಉರಿದು, ಆರಿಸಲು ಸೇನೆಯ ಸುಮಾರು 5,000 ಯೋಧರು ಬರಬೇಕಾಯಿತು. ದರ್ಜೆಪಟ್ಟಿಯಲ್ಲಿ 'ನೀರು ಉರಿಯುತ್ತದೆಯೇ' ಎಂಬ ಕಾಲಂ ಇಲ್ಲದ್ದರಿಂದ ಅಂಕವೇನೂ ಕಡಿತವಾಗಲಿಲ್ಲ. ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಸರ್ಕಾರ ತನ್ನ ಮನೆಯಿಂದ ತಂದು ಕೊಡುತ್ತದೆಯೇ? ನೊರೆಯೂ ನಮ್ಮದೇ, ದಂಡವೂ ನಮ್ಮದೇ.

ಇಷ್ಟು ಸಂಪತ್ತನ್ನು ಒಬ್ಬರೇ ಇಟ್ಟುಕೊಂಡರೆ ಸ್ವಾರ್ಥವಾದೀತು. ಹಾಗಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತೇವೆ. 2018ರ ಜುಲೈನಲ್ಲಿ ಅಲ್ಲಿನ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಕಾಣಿಸಿಕೊಂಡಿತು. ಕೋಲಾರದವರು ಗಾಬರಿಬಿದ್ದರು, ವಿಷಯ ಹೈಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬುದು ಅವರ ಬೇಡಿಕೆ. ಇಷ್ಟಕ್ಕೆಲ್ಲ ಯಾಕೆ ಹಟ? ಅಂತರ್ಜಲ ತುಂಬಿ ಹೊಲಕ್ಕೆ ನೀರಾದರೆ ಸಾಕೆಂದವರು ಅವರೇ ಅಲ್ಲವೇ! ವ್ಯವಸಾಯಕ್ಕೆ ಇ ದರ್ಜೆ ಧಾರಾಳವಾಯಿತು.