ಸೊಳ್ಳೆ ಅಂದರಾಯಿತು

ಶುಗರ್ ಬಂದವರು ಅದನ್ನು ಹೇಳಿಕೊಳ್ಳಲು ಎಂದೂ ಹಿಂಜರಿಯುವುದಿಲ್ಲ. ಊಟಕ್ಕೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಮದುವೆ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ವರದಿ ಒಪ್ಪಿಸುತ್ತಾರೆ. ಮೂಲವ್ಯಾಧಿಯ ಆಪರೇಷನ್ನನ್ನು ಸವಿಸ್ತಾರವಾಗಿ ವರ್ಣಿಸಿದವರನ್ನೂ ಬಲ್ಲೆ. ಆದರೆ “ನಮ್ಮನೇಲಿ ತಿಗಣೆ ಆಗಿದೆ ಕಣ್ರೀ” ಅಂತ ಬಾಯಿಬಿಟ್ಟ ಒಬ್ಬ ಗೃಹಸ್ಥನನ್ನೂ ಈ ಬೆಂಗಳೂರಿನಲ್ಲಿ ನಾನು ಕಂಡಿಲ್ಲ.

ನಮ್ಮ ಮನೆಗೆ ಅದು ದಯಮಾಡಿಸಿದ್ದು ಮಗ ಪಿಜಿ ಖಾಲಿ ಮಾಡಿಕೊಂಡು ಬಂದಾಗ, ಅವನ ಬ್ಯಾಗಿನಲ್ಲಿ. ತುರಿಕೆ ಶುರುವಾದದ್ದು ಮಾತ್ರ ನನಗೆ. “ಸೊಳ್ಳೆ” ಅಂದಳು ಹೆಂಡತಿ. “ಪಿತ್ತದ ಗಂಧೆ, ಮುರುಗಲು ಸಾರು ಕುಡಿ” ಅಂದಳು ಅಮ್ಮ. ಮೊಣಕೈಯಿಂದ ಮೇಲಕ್ಕೆ ದದ್ದುಗಳು ಸಾಲಾಗಿ ಎದ್ದಿದ್ದವು. ಇಷ್ಟು ಶಿಸ್ತಿನ ಸೊಳ್ಳೆಯನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲೇ ಮಲಗುವ ಹೆಂಡತಿಯ ಮೈಯಲ್ಲಿ ಒಂದು ಗುರುತೂ ಇಲ್ಲ. ಕಚ್ಚಿಸಿಕೊಂಡರೂ ಕೆಲವರಿಗೆ ದದ್ದು ಏಳುವುದೇ ಇಲ್ಲವೆಂದು ವೈದ್ಯರು ಹೇಳುತ್ತಾರೆ. ಅವಳು ಮಾತ್ರ ಇದನ್ನು ತನ್ನ ಸ್ವಚ್ಛತೆಗೆ ಸಿಕ್ಕ ಸರ್ಟಿಫಿಕೇಟು ಎಂದೇ ನಂಬಿದ್ದಾಳೆ.

ಅನುಮಾನ ಬಂದ ಮೇಲೆ ನಿದ್ದೆ ಎಲ್ಲಿಯದು? ಬೆಳಗಿನ ಜಾವ ಮೊಬೈಲ್ ಟಾರ್ಚು ಹಿಡಿದು ಹಾಸಿಗೆಯ ಅಂಚು ಎತ್ತಿದೆ. ಹೊಲಿಗೆಯ ಉದ್ದಕ್ಕೂ ಸಣ್ಣ ಕಪ್ಪು ಚುಕ್ಕೆಗಳು, ನಡುವೆ ಕಳಚಿಟ್ಟ ಪೊರೆಗಳು. ಮೊಟ್ಟೆಯೊಡೆದು ಬಂದ ಮರಿ ದೊಡ್ಡದಾಗುವಷ್ಟರಲ್ಲಿ ಐದು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಮೊದಲು ಒಂದು ಊಟ ಆಗಲೇಬೇಕು. ಊಟ ಯಾರದು ಎಂದು ಬೇರೆ ಹೇಳಬೇಕಿಲ್ಲ. ಆಗಲೇ ದಿಂಬಿನ ಅಡಿಯಿಂದ ಒಂದು ಹೊರಬಂತು. ಉಬ್ಬಿದ ಕೆಂಪು ಹೊಟ್ಟೆ ಹೊತ್ತು, ಯಾವ ಅವಸರವೂ ಇಲ್ಲದೆ, ತಲೆದಿಕ್ಕಿನ ಹಲಗೆಯ ತಿರುಪಿನ ತೂತಿನ ಕಡೆಗೆ ಹೊರಟಿತ್ತು. ಹೆಬ್ಬೆರಳಲ್ಲಿ ಒತ್ತಿಬಿಟ್ಟೆ. ಬೆಡ್‌ಶೀಟಿನ ಮೇಲೆ ಚುಕ್ಕೆ ನೆತ್ತರು, ನನ್ನದೇ. ಬಚ್ಚಲಿಗೆಂದು ಎದ್ದಿದ್ದ ಅಮ್ಮ ಬಾಗಿಲಲ್ಲೇ ನಿಂತು ಮೂಗರಳಿಸಿ, “ತಿಗಣೆ ಕಣೋ!” ಅಂದಳು. ಗಾಬರಿಯೇನೂ ಇಲ್ಲ, ತವರಿನ ಕಡೆಯವರು ಬಂದಿಳಿದಷ್ಟೇ ಸಲೀಸಾಗಿ.

ಅವಳ ಕಾಲದಲ್ಲಿ ತಿಗಣೆ ಗುಟ್ಟಿನ ವಿಷಯವಾಗಿರಲಿಲ್ಲ. ಬೇಸಿಗೆ ಬಂತೆಂದರೆ ಬೀದಿಗೆ ಬೀದಿಯೇ ಮಂಚಗಳನ್ನು ಅಂಗಳಕ್ಕೆ ಹಾಕಿ, ಸಂದುಗಳಿಗೆ ಕುದಿಯುವ ನೀರು ಹುಯ್ಯುತ್ತಿತ್ತು. ಟೂರಿಂಗ್ ಟಾಕೀಸಿನ ಬೆಂಚು, ಕಚೇರಿಯ ಬೆತ್ತದ ಕುರ್ಚಿ, ಹಾಸ್ಟೆಲ್ಲು ಎಲ್ಲ ಕಡೆಯೂ ಅದರದೇ ಸಂಸಾರ. ಆಮೇಲೆ ಡಿಡಿಟಿ ಬಂತು. ಅದು ಕೀಟ ಕೊಲ್ಲುತ್ತದೆಂದು 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಾಗಲೇ, 1947ರಲ್ಲೇ, ಹವಾಯಿಯ ಪರ್ಲ್ ಹಾರ್ಬರ್ ಬ್ಯಾರಕ್ಕುಗಳ ತಿಗಣೆಗಳು ಡಿಡಿಟಿಗೆ ಜಗ್ಗದೆ ಕೂತಿದ್ದವು.

ತಿಗಣೆ ಇರುವುದು ಬಡತನದ ಗುರುತು, ಕೊಳಕಿನ ಗುರುತು ಅನ್ನುವುದೂ ಸುಳ್ಳೇ. ಪಂಚತಂತ್ರದಲ್ಲಿ ಅದು ವಾಸ ಹೂಡುವುದು ಸಾಕ್ಷಾತ್ ರಾಜನ ಹಾಸಿಗೆಯಲ್ಲಿ. ಕಚ್ಚಿ ಸಂದಿಗೆ ನುಸುಳಿದ್ದು ತಿಗಣೆ, ಭಟರ ಕೈಗೆ ಸಿಕ್ಕಿ ಸತ್ತದ್ದು ಪಾಪದ ಹೇನು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಹೇನಿನ ಪಾತ್ರವನ್ನು ಸೊಳ್ಳೆಗೆ ಕೊಟ್ಟಿದ್ದೇವೆ. ಪ್ಯಾರಿಸ್ಸಿನವರು ಇದರಲ್ಲಿ ವಾಸಿ. 2023ರಲ್ಲಿ ಅಲ್ಲಿ ತಿಗಣೆ ಗಲಾಟೆ ಎದ್ದಾಗ ಸಂಸದೆಯೊಬ್ಬರು ಅವನ್ನು ಸೀಸೆಯಲ್ಲಿ ತುಂಬಿಕೊಂಡು ಸಂಸತ್ತಿಗೇ ಹೋಗಿ ತೋರಿಸಿದರು. ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಾರ್ಕಿಂಗ್ ಬಿಟ್ಟು ಬೇರೆ ಮಾತೇ ಬರುವುದಿಲ್ಲ.

ಕೊನೆಗೆ ಔಷಧಿ ಹೊಡೆಯುವವನನ್ನು ಕರೆಸಿದೆವು. “ಲಿಫ್ಟಲ್ಲಿ ಯಾರಾದ್ರೂ ಕೇಳಿದ್ರೆ ಜಿರಳೆಗೆ ಅನ್ನಪ್ಪ” ಎಂದು ಹೆಂಡತಿ ಫೋನಿನಲ್ಲೇ ಷರತ್ತು ಹಾಕಿದ್ದಳು. ಅವನು ಬಂದವನೇ ನಕ್ಕ. “ಎಲ್ರೂ ಹಂಗೇ ಹೇಳ್ತಾರೆ ಮೇಡಂ. ನಿಮ್ಮ ಬ್ಲಾಕಿಗೆ ಹೋದ ವಾರಾನೂ ಜಿರಳೆಗೇ ಬಂದಿದ್ದೆ.”

“ಯಾರ ಮನೆಗೆ?” ಅಂದಳು ಇವಳು, ತಡೆಯಲಾರದೆ.

“ಅದೆಲ್ಲಾ ಹೇಳಂಗಿಲ್ಲ ಮೇಡಂ. ನಿಮ್ಮನೆ ವಿಷ್ಯಾನೂ ಹೇಳಲ್ಲ.”

ಕೆಲಸ ಬಲ್ಲವನು. ಹಾಸಿಗೆ ಬಿಟ್ಟು ಮೊದಲು ಸ್ವಿಚ್‌ಬೋರ್ಡ್ ಬಿಚ್ಚಿದ, ಗೋಡೆಯ ಫೋಟೋಗಳ ಹಿಂಬದಿ ನೋಡಿದ. ಎಟಿಎಂ ಕಾರ್ಡ್ ತೂರುವಷ್ಟು ಸಂದಿ ಸಾಕಂತೆ ಅದಕ್ಕೆ. ಮೊಟ್ಟೆಗೆ ಔಷಧಿ ಅಷ್ಟಾಗಿ ನಾಟದು, ಮರಿ ಹೊರಬಿದ್ದ ಮೇಲೆ ಎರಡನೇ ಸಲ ಹೊಡೆಯಲೇಬೇಕು ಅಂದ. ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಲು ಹೇಳಿದ; ಆ ಬಿಸಿಗೆ ತಿಗಣೆಯೂ ಉಳಿಯದು, ಮೊಟ್ಟೆಯೂ ಉಳಿಯದು. “ನಾನು ಮೊದಲೇ ಹೇಳಲಿಲ್ವಾ, ಕುದಿಯೋ ನೀರು ಅಂತ” ಎಂದು ಅಮ್ಮ ಗೆದ್ದಳು.

ಹೋಗುವಾಗ ಅವನು ಹೇಳಿದ ಮಾತು ಮಾತ್ರ ನಮ್ಮಿಬ್ಬರನ್ನೂ ಸುಮ್ಮನಾಗಿಸಿತು. ಒಂದು ಮನೆಗೆ ಹೊಡೆದರೆ ಅವು ಗೋಡೆಯೊಳಗಿನ ವೈರು ಪೈಪಿನ ಗುಂಟ ಪಕ್ಕದ ಮನೆಗೆ ಹೋಗಬಹುದು, ಅಲ್ಲಿಂದ ಇಲ್ಲಿಗೂ ಬರಬಹುದು.

ತಿಗಣೆಯಿಂದ ಯಾವ ರೋಗವೂ ಹರಡಿದ್ದು ಸಾಬೀತಾಗಿಲ್ಲ, ಹೋಗುವುದು ನಿದ್ದೆ ಮತ್ತು ಮರ್ಯಾದೆ ಮಾತ್ರ. ಆದ್ದರಿಂದ ನಿಮ್ಮ ಮನೆಯಲ್ಲಿ ಆಗಿದ್ದರೆ ನಾಚದೆ ಪಕ್ಕದ ಮನೆಯವರಿಗೆ ಹೇಳಿಬಿಡಿ. ಅವರೂ ಬಹುಶಃ ನೀವೇ ಮೊದಲು ಬಾಯಿಬಿಡಲಿ ಎಂದು ಕೆರೆದುಕೊಳ್ಳುತ್ತಾ ಕಾಯುತ್ತಿರುತ್ತಾರೆ.