ಯಾರ ರಸ್ತೆಗೆ ಯಾರ ಜಲ್ಲಿ

ಸೈಟು ಕೊಳ್ಳುವವರು ಏನೆಲ್ಲ ನೋಡುತ್ತಾರೆ! ವಾಸ್ತು ನೋಡುತ್ತಾರೆ, ಬೋರ್‌ವೆಲ್ ನೀರನ್ನು ನಾಲಿಗೆಗೆ ಹಚ್ಚಿಕೊಂಡು ನೋಡುತ್ತಾರೆ, ಇ-ಸ್ವತ್ತಿನ ನಮೂನೆ 9, ನಮೂನೆ 11 ಎರಡನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಪಕ್ಕದ ಸೈಟಿನವರು ಯಾವ ಪೈಕಿ ಎಂಬುದನ್ನು ಕೂಡ ಸುತ್ತಿಬಳಸಿ ವಿಚಾರಿಸುತ್ತಾರೆ. ಎದುರಿಗಿರುವ ಮೂವತ್ತಡಿ ರಸ್ತೆ ಯಾರದು ಎಂದು ಮಾತ್ರ ಕೇಳಿದವರನ್ನು ನಾನು ಕಂಡಿಲ್ಲ. ಮೈಸೂರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ ಆ ಪ್ರಶ್ನೆ ಎದ್ದದ್ದು, ಹಾಲಿನವನ ಸ್ಕೂಟರು ಎರಡನೇ ಕ್ರಾಸಿನ ಗುಂಡಿಯಲ್ಲಿ ಮಗುಚಿ ಇಡೀ ಕ್ಯಾನು ರಸ್ತೆಗೆ ಕ್ಷೀರಾಭಿಷೇಕವಾದ ಮೇಲೆ.

ಡೆವಲಪರ್ ಹಾಕಿಸಿದ್ದ ಡಾಂಬರು ಸೈಟುಗಳೆಲ್ಲ ಮಾರಾಟವಾಗುವ ತನಕ ಬಾಳುವ ಜಾತಿಯದು. ಬ್ರೋಷರಿನ ಚಿತ್ರದಲ್ಲಿ ಅದರ ಮೇಲೆ ವಿದೇಶಿ ತಳಿಯ ನಾಯಿಯೊಂದು ಓಡುತ್ತಿತ್ತು. ಈಗ ಅಲ್ಲೇ ಊರ ನಾಯಿಗಳು ನೀರು ಕುಡಿಯುತ್ತವೆ.

ನಿವಾಸಿಗಳ ಸಂಘ ವಿಶೇಷ ಸಭೆ ಕರೆಯಿತು. ವಿಷಯ ಎರಡು: ಒಂದು, ರಸ್ತೆಗೆ ಏನು ಹಾಕಿಸುವುದು. ಎರಡು, ರಸ್ತೆಯನ್ನು ನಾವೇ ಇಟ್ಟುಕೊಳ್ಳುವುದೋ, ಪಂಚಾಯಿತಿಗೆ ಕೊಟ್ಟು ಕೈತೊಳೆದುಕೊಳ್ಳುವುದೋ. ಖಾರಾಬೂಂದಿ ಮತ್ತು ಕಾಫಿ ಇತ್ತಾದ್ದರಿಂದ ಕೋರಂಗೆ ತೊಂದರೆಯಾಗಲಿಲ್ಲ.

ಮೊದಲು ಎದ್ದವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ರಾಯರು. "ಡಾಂಬರಿಗೆ ಗಾಡಿ ಶತ್ರು ಅಲ್ಲ ಕಣ್ರೀ, ನೀರು ಶತ್ರು. ನೂರೈವತ್ತು ಡಿಗ್ರಿ ಬಿಸೀಲಿ ಮಾಲು ಬಂದು ಬೀಳುತ್ತೆ, ಅದು ಆರೋದರೊಳಗೆ ರೋಲರ್ ಓಡಬೇಕು. ಆಮೇಲೆ ನೀರು ನಿಲ್ಲಬಾರದು. ನಿಂತರೆ ಜಲ್ಲಿಗೂ ಡಾಂಬರಿಗೂ ಸಂಬಂಧ ಬಿಟ್ಟುಹೋಗುತ್ತೆ. ನಿಮ್ಮ ಲೇಔಟಿನಲ್ಲಿ ಚರಂಡಿಯೇ ಇಲ್ಲ. ಇಲ್ಲಿ ಡಾಂಬರು ಹಾಕೋದೂ ಒಂದೇ, ದುಡ್ಡು ಚರಂಡಿಗೆ ಹಾಕೋದೂ ಒಂದೇ. ಅದೂ ಇಲ್ಲದ ಚರಂಡಿಗೆ." ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದು, ಅದರ ಮೇಲೆ ಇನ್ನೊಂದು ಎಂದು ಹಾಕುತ್ತಾ ಹೋದರೆ ರಸ್ತೆ ಮೇಲೇಳುತ್ತದೆ, ಮನೆ ಇದ್ದಲ್ಲೇ ಇರುತ್ತದೆ, ಮಳೆ ನೀರು ಗೇಟು ತೆಗೆಯುವುದಕ್ಕೂ ಕಾಯದೆ ಹಾಲಿಗೆ ಬಂದು ಕೂರುತ್ತದೆ.

ಹಾಗಾದರೆ ಕಾಂಕ್ರೀಟು ಎಂದಿತು ಒಂದು ಬಣ. ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿಬಂದವರೆಲ್ಲ ಈ ಬಣದಲ್ಲಿದ್ದರು. ಅಲ್ಲಿ ಹಳೆ ಡಾಂಬರಿನ ಮೇಲೆ ಕಾಂಕ್ರೀಟು ಹೊದಿಸುವ ವೈಟ್ ಟಾಪಿಂಗ್ ನಡೆಯುತ್ತಿರುವುದನ್ನು ಟ್ರಾಫಿಕ್ಕಿನಲ್ಲಿ ಕೂತು ಗಂಟೆಗಟ್ಟಲೆ ಅಧ್ಯಯನ ಮಾಡಿದವರು ಅವರು. ರಾಯರು ಒಪ್ಪಿದರು, ಆದರೆ ಷರತ್ತು: ಗೋಣಿಚೀಲ ಹೊದಿಸಿ ಬಿಡದೆ ನೀರು ಹಾಯಿಸಬೇಕು, ಪೂರ್ತಿ ಗಟ್ಟಿಯಾಗಲು ಇಪ್ಪತ್ತೆಂಟು ದಿನ ಬಿಡಬೇಕು. "ಅಷ್ಟು ದಿನ ಕಾರು ಎಲ್ಲಿ ನಿಲ್ಲಿಸೋಣ?" ಎಂದರು ಮಗಳ ಮದುವೆ ಇಟ್ಟುಕೊಂಡಿದ್ದವರು. "ಮದುವೆ ಮುಂದೆ ಹಾಕಿ, ಕಾಂಕ್ರೀಟ್ ಮುಂದೆ ಹಾಕೋಕಾಗಲ್ಲ" ಎಂದು ಹಿಂದಿನ ಸಾಲಿನಿಂದ ಒಂದು ದನಿ. ಅವರಿಬ್ಬರಿಗೂ ಈಗಲೂ ಮಾತಿಲ್ಲ.

ನಿಜವಾದ ಸಮಸ್ಯೆ ಅದಲ್ಲ. ನಮ್ಮಲ್ಲಿ ರಸ್ತೆ ಹಾಕುವುದೇ ಅಗೆಯುವುದಕ್ಕೆ. ನೀರಿನ ಪೈಪಿನವರು, ಯುಜಿಡಿಯವರು, ಕೇಬಲ್ಲಿನವರು, ಎಲ್ಲರೂ ಹೊಸ ರಸ್ತೆಯ ವಾಸನೆ ಹಿಡಿದು ಬರುತ್ತಾರೆ. ಡಾಂಬರನ್ನು ಅಗೆದರೆ ಗಾಯ ಉಳಿಯುತ್ತದೆ, ಕಾಂಕ್ರೀಟನ್ನು ಅಗೆದರೆ ರಸ್ತೆಯೇ ಉಳಿಯುವುದಿಲ್ಲ. ಹೀಗಾಗಿ ಯಾವ ರಸ್ತೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಓಡಾಡುವವನಲ್ಲ, ಅಗೆಯುವವನು. ಆತನಿಗೆ ಅಡ್ಡ ಬರುವ ಹಕ್ಕು ಯಾರಿಗಿದೆ ಎಂದು ಗೊತ್ತಾಗದೆ ಜಲ್ಲಿ ತರಿಸುವುದು ವ್ಯರ್ಥ. ಅಜೆಂಡಾದ ಎರಡನೇ ವಿಷಯವನ್ನೇ ಮೊದಲು ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ಅಷ್ಟರಲ್ಲಿ ಕಾಫಿ ಬಂತು.

ಕಾಫಿಯಾದ ಮೇಲೆ ಇಂಟರ್‌ಲಾಕ್ ಬ್ಲಾಕು ಬಂತು. ಬೇಕಾದಾಗ ಎತ್ತಬಹುದು, ಕೆಲಸ ಮುಗಿದ ಮೇಲೆ ಮತ್ತೆ ಕೂರಿಸಬಹುದು. ಕಾರಿಗೆ ಅರವತ್ತು ಮಿಲಿಮೀಟರ್ ದಪ್ಪದ್ದು ಸಾಕು, ಆದರೆ ಕಸದ ಲಾರಿ, ನೀರಿನ ಟ್ಯಾಂಕರು ಬರುವುದರಿಂದ ಎಂಬತ್ತರದ್ದು ಬೇಕು. ಎರಡೂ ಬದಿಗೆ ಗಟ್ಟಿ ಅಂಚುಕಲ್ಲು ಕೊಡದಿದ್ದರೆ ಬ್ಲಾಕುಗಳು ಮೆಲ್ಲಗೆ ಹೊರಕ್ಕೆ ವಲಸೆ ಹೋಗುತ್ತವೆ ಎಂದರು ರಾಯರು. ಎಲ್ಲರೂ ತಲೆಯಾಡಿಸುತ್ತಿದ್ದಾಗ ಹನ್ನೆರಡನೇ ನಂಬರಿನ ಅಜ್ಜಿ ಎದ್ದು ನಿಂತರು. "ರಂಗೋಲಿ ಎಲ್ಲಿ ಹಾಕೋದಪ್ಪಾ? ಬ್ಲಾಕಿನ ಸಂದಿಗೆ ಪುಡಿಯೆಲ್ಲ ಇಳಿದು ಎಳೆ ಕಡಿಯುತ್ತೆ. ಧನುರ್ಮಾಸದಲ್ಲಿ ಆ ಚಳೀಲಿ ಬಗ್ಗಿ ಎಳೆಯೋರು ನಾವು." ಎಂಜಿನಿಯರಿಂಗ್ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪ್ರತಿ ಗೇಟಿನ ಮುಂದೆ ನಾಲ್ಕಡಿ ಚೌಕ ನುಣುಪು ಕಾಂಕ್ರೀಟು ಬಿಡತಕ್ಕದ್ದು ಎಂದು ನಡಾವಳಿ ಪುಸ್ತಕದಲ್ಲಿ ಬರೆಯಲಾಯಿತು. ಅಂದಿನ ಸಭೆಯಲ್ಲಿ ಒಮ್ಮತದಿಂದ ಆದ ನಿರ್ಣಯ ಅದೊಂದೇ.

ದುಡ್ಡಿನ ಮಾತು ಬಂದಾಗ ರಸ್ತೆಗಳೆಲ್ಲ ಇದ್ದಕ್ಕಿದ್ದಂತೆ ಅನಾಥವಾದವು. ಚದರಡಿ ಲೆಕ್ಕ ಎಂದರೆ ಅರವತ್ತು ನಲವತ್ತರವರು ಸಿಟ್ಟಾದರು, ಸೈಟಿಗಿಷ್ಟು ಎಂದರೆ ಮೂವತ್ತು ನಲವತ್ತರವರು. ಎರಡು ಕಡೆ ರಸ್ತೆ ಇದೆಯೆಂದು ಹೆಚ್ಚು ದರ ಕೊಟ್ಟು ಮೂಲೆ ಸೈಟು ಕೊಂಡಿದ್ದವರು, "ನಾವು ಒಂದು ಕಡೆಯಿಂದ ಮಾತ್ರ ಓಡಾಡೋದು" ಎಂದರು. ನ್ಯೂಜೆರ್ಸಿಯಲ್ಲಿರುವ ಖಾಲಿ ಸೈಟಿನ ಮಾಲೀಕರು ವಾಟ್ಸಾಪಿನಲ್ಲಿ, ಕಾಂಕ್ರೀಟೇ ಆಗಲಿ, ಆದರೆ ತಾವು ಆ ರಸ್ತೆಯನ್ನು ಈವರೆಗೆ ಒಂದು ಹೆಜ್ಜೆಯೂ ಸವೆಸಿಲ್ಲವಾದ್ದರಿಂದ ವಂತಿಗೆಯಿಂದ ವಿನಾಯಿತಿ ಬೇಕು ಎಂದು ಬರೆದರು.

ಒಡೆತನದ ಚರ್ಚೆಗೆ ಮುಂದಿನ ಭಾನುವಾರ ಬೇಕಾಯಿತು. ರಸ್ತೆ ನಮ್ಮದೇ ಆಗಿರಲಿ, ಮುಖ್ಯದ್ವಾರಕ್ಕೆ ಬೂಮ್ ಬ್ಯಾರಿಯರ್ ಹಾಕಿ ಸೆಕ್ಯೂರಿಟಿ ಕೂರಿಸೋಣ ಎಂದು ಖಜಾಂಚಿ ಉತ್ಸಾಹದಿಂದ ಕೊಟೇಶನ್ ತೆಗೆದರು. ಅಲ್ಲಿಗೆ ಬಂದಿದ್ದ ಪಂಚಾಯಿತಿ ಸದಸ್ಯರು ನಗುತ್ತಲೇ ಮೊಬೈಲಿನಲ್ಲಿ ಗ್ರಾಮ ನಕಾಶೆ ತೋರಿಸಿದರು. ನಮ್ಮ ಮೂರನೇ ಕ್ರಾಸಿನ ಮೇಲೆ ಜೋಡಿ ಚುಕ್ಕೆಗೆರೆ ಹಾದುಹೋಗಿತ್ತು: ಬಂಡಿದಾರಿ. "ನಮ್ಮ ತಾತನ ಕಾಲದಿಂದ ಗಾಡಿ ಹೋಗ್ತಾ ಇದೆ ಸಾಮಿ. ಬ್ಯಾರಿಯರ್ ಹಾಕ್ಕಳಿ, ನಮ್ಮ ಕುರಿ ಅದರ ಕೆಳಗೇ ನುಗ್ತವೆ." ನಮ್ಮಲ್ಲೊಬ್ಬ ವಕೀಲರಿದ್ದರು. ಅವರು ಉಪನೋಂದಣಿ ಕಚೇರಿಯಿಂದ ನಕಲು ತೆಗೆಸಿ ತಂದು ಮೇಜಿನ ಮೇಲಿಟ್ಟಾಗ ಬ್ಯಾರಿಯರಿನ ಕನಸೂ ಮುಗಿಯಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಪ್ರಕಾರ ಬಡಾವಣೆ ಮಾಡುವವನು ರಸ್ತೆ, ಪಾರ್ಕುಗಳನ್ನು ಪುಕ್ಕಟೆ ಬಿಟ್ಟುಕೊಡಬೇಕು. ನಮ್ಮ ಡೆವಲಪರ್ ಮೊದಲ ಸೈಟು ಮಾರುವ ಮುಂಚೆಯೇ ಅಷ್ಟನ್ನೂ ನೋಂದಣಿ ಮಾಡಿ ಯೋಜನಾ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದ. ಹಾಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು, ಗೇಟು ಹಾಕಿ ತಡೆಯುವಂತಿಲ್ಲ ಎಂದು ಹೈಕೋರ್ಟೇ ಹೇಳಿದೆ ಎಂದರು ವಕೀಲರು. ಎರಡು ಭಾನುವಾರ ನಾವು ಹಂಚಿಕೊಂಡದ್ದು ಪರರ ಸ್ವತ್ತನ್ನು.

ಸಂತೋಷದಿಂದಲೇ ಅರ್ಜಿ ಹಿಡಿದು ಹೊರಟೆವು. ಕಾಗದದಲ್ಲಿ ನಮ್ಮದು ಹೌದು, ಆದರೆ ಪಂಚಾಯಿತಿಗೆ ಹಸ್ತಾಂತರ ಆಗಬೇಕು ಎಂದರು ಪ್ರಾಧಿಕಾರದಲ್ಲಿ. ರಸ್ತೆ ರಿಪೇರಿ ಮಾಡಿಕೊಟ್ಟರೆ ಹಸ್ತಾಂತರ ಮಾಡಿಕೊಳ್ಳುತ್ತೇವೆ ಎಂದರು ಪಂಚಾಯಿತಿಯಲ್ಲಿ. ಹಸ್ತಾಂತರವಾಗದೆ ರಿಪೇರಿಗೆ ಅನುದಾನ ಬರುವುದಿಲ್ಲ ಎಂದರು ಮತ್ತೆ ಇಬ್ಬರೂ.

ಕೊನೆಗೆ ನಾವೇ ಕೈಯಿಂದ ಹಾಕಿ ಎಂಬತ್ತು ಮಿಲಿಮೀಟರಿನ ಬ್ಲಾಕು ಕೂರಿಸಿದೆವು. ರಾಯರು ಬೆಳಗಿನ ವಾಕಿಂಗಿಗೆ ಲೆವೆಲ್ ಪಟ್ಟಿ ಹಿಡಿದೇ ಬರುತ್ತಿದ್ದರು. ಕೊನೆಯ ಬ್ಲಾಕು ಕೂತ ವಾರ ಕಳೆದಿರಲಿಲ್ಲ, ಕೊಳವೆ ಗ್ಯಾಸಿನ ಗುತ್ತಿಗೆದಾರ ಸುಣ್ಣದ ಪುಡಿ ಹಿಡಿದು ಬಂದು, ಅಂಚುಕಲ್ಲಿನ ಪಕ್ಕ ಉದ್ದಕ್ಕೂ ಗೆರೆ ಎಳೆದು, "ಸಾರ್, ಅಗೆಯೋಕೆ ಯಾರ ಪರ್ಮಿಷನ್ ತಗೋಬೇಕು? ಇದು ಯಾರ ರಸ್ತೆ?" ಎಂದು ಕೇಳಿದ. ವಕೀಲರು ಬಾಯಿ ತೆರೆಯುವ ಮೊದಲೇ ಖಜಾಂಚಿ ಮುಂದೆ ಬಂದು ಹೇಳಿದರು: "ನಮ್ಮದೇ. ಮೀಟರಿಗೆ ಎಷ್ಟು ಕಟ್ತೀರಿ?"