ಷಡಂಕ ಮೀಮಾಂಸೆ: ವಳಕಮದಿನ್ನಿ ಸೀಮೆಯ ದ್ರವ್ಯಾಪಹರಣ ಶಾಸ್ತ್ರಕ್ಕೊಂದು ಪೀಠಿಕೆ

ಒಟಿಪಿ ಎಂಬ ಆರಂಕಿಯ ಅಪೌರುಷೇಯ ವಾಕ್ಯವನ್ನು ಈ ಪ್ರಬಂಧದಲ್ಲಿ ‘ಷಡಂಕ’ ಎಂದು ಕರೆಯಲಾಗಿದೆ. ಪರಿಭಾಷೆ ಇಲ್ಲದ ಶಾಸ್ತ್ರಕ್ಕೆ ಕಿಮ್ಮತ್ತಿಲ್ಲ ಎಂಬುದನ್ನು ಲೇಖಕನು ಊರಿನ ಆರ್ಥಿಕ ಸಾಕ್ಷರತಾ ಶಿಬಿರದಲ್ಲಿ ಎರಡು ತಾಸು ಕೂತು ಕಲಿತನು. ಬ್ಯಾಂಕಿನ ಸಾಹೇಬರೊಬ್ಬರು ‘ಗ್ರಾಹಕಕೇಂದ್ರಿತ ಡಿಜಿಟಲ್ ಸುರಕ್ಷತಾ ಪರಿಸರ ವ್ಯವಸ್ಥೆ’ ಎಂಬ ಸಮಾಸವನ್ನು ಒಂದೇ ಉಸಿರಿಗೆ ಹೇಳಿ ನೀರು ಕುಡಿದರು. ಮುಂದೆ ಕೂತಿದ್ದ ನಮ್ಮ ದೊಡ್ಡವ್ವ, “ಹೋದ ರೊಕ್ಕ ಹೊಳ್ಳಿ ಬರ್ತದೇನ್ರೀ?” ಅಂದಳು. ಪ್ರಶ್ನೆ ಇಂದಿನ ವಿಷಯಕ್ಕೆ ಸಂಬಂಧಿಸಿಲ್ಲವೆಂದು ತಿಳಿಸಲಾಯಿತು.

ಐತಿಹಾಸಿಕ ಹಿನ್ನೆಲೆ. ನಮ್ಮ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ವಿದ್ವಾಂಸರಿಗೆ ಖಾತ್ರಿಯಾದದ್ದು ಆ ಬಂಡೆಯಿಂದ. ಅದರ ಭಾಷೆ ಪ್ರಾಕೃತ. ಷಡಂಕ ಹೊತ್ತು ಬರುವ ಸಂದೇಶದ ಭಾಷೆ ಇಂಗ್ಲಿಷು. ಹೀಗಾಗಿ ಈ ಸೀಮೆಯವರಿಗೆ ತಿಳಿಯದ ಭಾಷೆಯಲ್ಲಿ ಬುದ್ಧಿ ಹೇಳುವ ಪರಂಪರೆಗೆ 2200 ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆಯೆಂದು ಸಿದ್ಧವಾಗುತ್ತದೆ. ವ್ಯತ್ಯಾಸ ಇಷ್ಟೇ: ಅಶೋಕ ಕೆತ್ತಿಸಿದ್ದಕ್ಕೆ ಯಾರ ಖಾತೆಯಿಂದಲೂ ಎಸ್ಸೆಮ್ಮೆಸ್ ಶುಲ್ಕ ಮುರಿದುಕೊಳ್ಳಲಿಲ್ಲ.

ದ್ರವ್ಯಾಪಹರಣವು ಸಪ್ತವಿಧ. ಮೊದಲನೆಯದು ಕೇವೈಸೀಭಯಜನ್ಯ: ‘ಇವತ್ತು ಸಂಜಿಗೆ ನಿಮ್ಮ ಖಾತಾ ಬಂದ್’ ಎಂಬ ಫೋನು. ಎರಡನೆಯದು ಪ್ರತಿಗ್ರಹಭ್ರಾಂತಿ: ‘ರೊಕ್ಕ ಜಮಾ ಆಗಬೇಕು, ಪಿನ್ ಒತ್ತಿ’ ಎನ್ನುವುದು. (ಬರುವ ರೊಕ್ಕಕ್ಕೆ ಪಿನ್ ಬೇಕಿಲ್ಲ. ಒತ್ತಿದರೆ ಹೋಗುವುದೇ.) ಮೂರನೆಯದು ಲಗ್ನಪತ್ರಿಕಾಮೂಲ: ವಾಟ್ಸಾಪಿಗೆ ಬಂದ ಎಪಿಕೆ ಫೈಲನ್ನು ಯಾರ ಲಗ್ನವೋ ನೋಡೋಣವೆಂದು ಒತ್ತಿದವನ ಉಳಿತಾಯ ಕಳ್ಳನ ಮನೆ ತುಂಬುತ್ತದೆ.

ನಾಲ್ಕನೆಯದು ಅಂಗುಷ್ಠಮೂಲ. ಇದಕ್ಕೆ ಷಡಂಕವೂ ಬೇಡ. ಆಧಾರ್ ನಂಬರು, ಹೆಬ್ಬೆಟ್ಟು ಸಾಕು. ದೊಡ್ಡವ್ವನ ಖಾತೆಯಲ್ಲಿ ಗೃಹಲಕ್ಷ್ಮಿಯ ಮೂರು ಕಂತು ಕೂಡಿ 6000 ಇತ್ತು. 2000 ಸಾಕೆಂದು ತೆಗೆಯಲು ಹೋದಳು. “ಸರ್ವರ್ ಇಲ್ಲ ಯವ್ವಾ, ಇನ್ನೊಮ್ಮೆ ಇಡು,” ಅಂದ ಹೆಬ್ಬೆಟ್ಟಿನ ಯಂತ್ರದವನು. ಸೆರಗಿಗೆ ಬೆರಳು ಒರೆಸಿ ಇಟ್ಟಳು. ಹತ್ತಿ ಬಿಡಿಸಿ, ಕಳೆ ಕಿತ್ತು ಗೆರೆ ಸವೆದ ಬೆರಳು. ತಪ್ಪು ತನ್ನದೇ ಎಂಬಂತೆ ಮತ್ತೆ ಒರೆಸಿ ಇಟ್ಟಳು. ಮೂರನೇ ಸಲ ಹತ್ತಿತು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ ಮೂರು ಸಲವೂ ಹತ್ತಿತ್ತು.

“ಹೆಬ್ಬೆಟ್ಟು ಆಕೀದೇ ಅದ ಅಲ್ಲ?” ಅಂದರು ಬ್ಯಾಂಕಿನಲ್ಲಿ.

ಉಳಿದ ಮೂರು ವಿಧ ಹಾಳಾಗಿ ಹೋಗಲಿ. ನೀರು ಕುಡಿದ ಸಾಹೇಬರೇ, 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆ ಏನು ಹೇಳುತ್ತದೆ? ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವನಿಂದ ರೊಕ್ಕ ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ತಪ್ಪು ಗ್ರಾಹಕರದೆಂದು ಸಾಧಿಸಿ ತೋರಿಸುವ ಹೊಣೆ ಬ್ಯಾಂಕಿನದು. ಎರಡು ತಾಸಿನಲ್ಲಿ ಇದಕ್ಕೆ ಎರಡು ನಿಮಿಷ ಸಿಗಲಿಲ್ಲವೇ? ನಿಮಗಿಂತ ಕಳ್ಳ ವಾಸಿ. ಕನ್ನಡದಲ್ಲೇ ಮಾತಾಡುತ್ತಾನೆ, ‘ಅವ್ವಾರೇ, ಆರಾಮ ಅದೀರೇನ್ರೀ’ ಅಂತ ಕೇಳುತ್ತಾನೆ. ಅಷ್ಟು ಮರ್ಯಾದೆಯಿಂದ ದೊಡ್ಡವ್ವನನ್ನು ಯಾವ ಕೌಂಟರಿನಲ್ಲೂ ಯಾರೂ ಮಾತಾಡಿಸಿದ್ದಿಲ್ಲ.

ಓದುವವರೇ, ನಿಮ್ಮ ಮನೆಯ ಹಿರಿಯರ ಹೆಬ್ಬೆಟ್ಟಿಗೆ ಆಧಾರ್ ಆ್ಯಪಿನಲ್ಲಿ ಬೀಗ ಹಾಕಿಕೊಡಿ, ಬೇಕಾದಾಗ ತೆಗೆಯಬಹುದು. ರೊಕ್ಕ ಹೋಯಿತೆಂದು ಗೊತ್ತಾದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರೆದುಕೊಟ್ಟು ನಕಲಿನ ಮೇಲೆ ಸಿಕ್ಕಾ ಒತ್ತಿಸಿಕೊಳ್ಳಿ. ಮೂರು ದಿನದ ಲೆಕ್ಕ ಶುರುವಾಗುವುದು ಬ್ಯಾಂಕಿನ ಸಂದೇಶ ಬಂದಾಗಿನಿಂದ. ದೊಡ್ಡವ್ವನ ಸಂದೇಶ ಬಂದದ್ದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮೊಮ್ಮಗನ ಫೋನಿಗೆ, ಇಂಗ್ಲಿಷಿನಲ್ಲಿ. ಪಾಸ್‌ಬುಕ್ಕಿಗೆ ನಾವು ಎಂಟ್ರಿ ಹಾಕಿಸಿದ್ದು ಇಪ್ಪತ್ತನೇ ದಿನಕ್ಕೆ.